ಸ್ಯಾಡಲಿನ ಕೆಳಗಿನ ಬೀಟೆಯ ಎಳೆ

ಮೂಳೆಯನ್ನು ಅರದಿಂದ ಉಜ್ಜುವಾಗ ಏಳುವ ವಾಸನೆ ದಂತವೈದ್ಯರ ಕೋಣೆಯ ವಾಸನೆಯನ್ನೇ ಹೋಲುತ್ತದೆ. ಕಳೆದ ವಾರ ದೇವರಾಜ ಮೊಹಲ್ಲಾದ ವಾದ್ಯದಂಗಡಿಯೊಂದರಲ್ಲಿ ಅದು ಮೂಗಿಗೆ ಬಡಿದಾಗ, ರಿಪೇರಿಯವರು ಆಡುತ್ತಿದ್ದ ಮಾತು ನನಗೆ ಅರ್ಧ ಮಾತ್ರ ಕೇಳಿಸಿತು.

“ತಂತಿ ಕುಯ್ದು ಕುಯ್ದು ಗೀರು ಬಿದ್ದೋಗದೆ ಮೇಡಂ. ಈ ಸ್ಯಾಡಲ್ ಬದಲಾಯಿಸ್ಲೇಬೇಕು ಕಣ್ರೀ.”

ಸ್ಯಾಡಲ್ ಎಂದರೆ ಗಿಟಾರಿನ ತಂತಿಗಳನ್ನು ಹೊತ್ತು ನಿಲ್ಲುವ, ಬೆರಳುದ್ದದ ಮೂಳೆಯ ಪಟ್ಟಿ. ತಂತಿಯ ನಡುಕವೆಲ್ಲ ಅದರ ಮೂಲಕವೇ ಮರದೊಳಗೆ ಇಳಿಯಬೇಕು. “ಯೋಚಿಸಿ ಹೇಳುತ್ತೇನೆ” ಎಂದೆ. ನಾನು ಯೋಚಿಸುತ್ತಿದ್ದದ್ದು ಮೂಳೆಯ ಬಗ್ಗೆ ಆಗಿರಲಿಲ್ಲ.

ವರ್ಷಗಳ ಹಿಂದಿನ ಮಾತು. ನಾನು ಪದವಿಯ ಎರಡನೆಯ ವರ್ಷದಲ್ಲಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹಿನಕಲ್ಲಿನ ನಮ್ಮ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದವರೊಬ್ಬರು ಊರು ಬಿಡುವಾಗ ಈ ಗಿಟಾರನ್ನು ನನಗೆ ಕೊಟ್ಟು ಹೋಗಿದ್ದರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಾನು ನುಡಿಸುವುದೆಂದು ನಿಗದಿಯಾಗಿತ್ತು. ಅಪ್ಪ, ಅಮ್ಮ ಅಂದು ಮೊದಲ ಬಾರಿಗೆ ಕಾಲೇಜಿನ ಗೇಟು ದಾಟಿ ಬರುವವರಿದ್ದರು.

ತಂತಿಗಳು ತುಂಬಾ ಎತ್ತರದಲ್ಲಿದ್ದು ಬೆರಳುಗಳು ನೋಯುತ್ತಿದ್ದವು. ವೀಡಿಯೊ ಒಂದರಲ್ಲಿ ತೋರಿಸಿದಂತೆ ಸ್ಯಾಡಲನ್ನು ಕಿತ್ತು, ಅದರ ತಳವನ್ನು ಉಪ್ಪುಕಾಗದದ ಮೇಲೆ ಉಜ್ಜಿದೆ. ಸಮವಾಯಿತೋ ಇಲ್ಲವೋ ಎಂಬ ಅನುಮಾನ. ಮತ್ತೆ ಉಜ್ಜಿದೆ. ಮತ್ತೆ ಅನುಮಾನ... ಕೊನೆಗೆ ತಂತಿ ಕಟ್ಟಿ ಮೀಟಿದರೆ, ಡಬ್ಬಿಯೊಳಗೆ ಜೇನುನೊಣ ಸಿಕ್ಕಿಕೊಂಡಂಥ ಗುಂಯ್‌ಗುಡುವಿಕೆ. ಕಾರ್ಯಕ್ರಮಕ್ಕೆ ಮೂರು ದಿನವಿತ್ತು. ಹೊಸ ಸ್ಯಾಡಲ್ ಬರಲು ಎರಡು ವಾರವಾಗುವುದೆಂದು ಅಂಗಡಿಗಳಲ್ಲಿ ಹೇಳಿದರು.

ಮನೆಗಳಿಗೆ ಬಣ್ಣ ಬಳಿಯುತ್ತಿದ್ದ ಅಪ್ಪ ನನ್ನನ್ನು ಉದಯಗಿರಿಯ ಹಿರಿಯರೊಬ್ಬರಲ್ಲಿಗೆ ಕರೆದೊಯ್ದರು. ಅವರು ಬೀಟೆಯ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ನವಿಲು, ಅಂಬಾರಿಗಳನ್ನು ಮೂಡಿಸುವ ಕುಸುರಿ ಮೇಸ್ತ್ರಿ. ವರ್ಷಗಟ್ಟಲೆ ಗರಗಸದ ಯಂತ್ರದ ಪಕ್ಕ ಕುಳಿತು ಅವರ ಕಿವಿ ಪೂರ್ತಿ ಹೋಗಿತ್ತು. ಕಿವಿ ಕೇಳದವರಿಂದ ಗಿಟಾರಿನ ರಿಪೇರಿಯೇ ಎಂದು ನಾನು ಮನಸ್ಸಿನಲ್ಲೇ ಹಿಂಜರಿದೆ.

ಅಪ್ಪ ಕೈಸನ್ನೆ ಮಾಡುತ್ತಾ ಕೂಗಿದರು: “ಒಸಿ ನೋಡಣ್ಣೋ, ಹೊಸದೇ ಆಕ್ಬೇಕಾ?”

ಮೇಸ್ತ್ರಿ ಸ್ಯಾಡಲಿನ ತಳವನ್ನು ಉಗುರಿನಿಂದ ಸವರಿ ನಕ್ಕರು. “ತಪ್ಪಾಗ್ಬಾರ್ದು ಅಂತ ಅಳ್ಸಿ ಅಳ್ಸಿ ಕಾಗ್ದಾನೇ ತೂತು ಮಾಡ್ಬುಟ್ಟಿದೀಯಲ್ಲ ಕಣವ್ವ! ಕಾಲೇಜ್ನೋರು ಅಂದ್ರೆ ಇಂಗೇಯ.”

ನಾನು ತಲೆ ತಗ್ಗಿಸಿದೆ.

“ಮೂಳೆ ಕೆಟ್ಟಿಲ್ಲ. ಕುಳ್ಳಾಗೈತೆ, ಅಷ್ಟೆ. ಅದುಕ್ಯಾಕೆ ಎಸೀಬೇಕು?”

ಅನಂತರ ಅವರು ಸ್ಯಾಡಲನ್ನು ಮರಳಿ ಕೂರಿಸಿ, ತಂತಿ ಬಿಗಿದು, ಗಿಟಾರನ್ನು ನನ್ನ ತೊಡೆಯ ಮೇಲಿರಿಸಿ, ಅದರ ಅಂಚಿಗೆ ತಮ್ಮ ಗಲ್ಲವನ್ನೊತ್ತಿ ಕಣ್ಣು ಮುಚ್ಚಿದರು. ಒಂದೊಂದೇ ತಂತಿ ಮೀಟುವಂತೆ ಸನ್ನೆ ಮಾಡಿದರು. ಮೂರನೆಯದಕ್ಕೆ ಬೆರಳೆತ್ತಿದರು. “ಇದು. ಇದ್ರ ಪಕ್ಕದ್ದೂ ಒಸಿ.” ಕಿವಿ ಚೆನ್ನಾಗಿದ್ದ ನಾನೇ ಎರಡು ದಿನ ಹುಡುಕಿ ಸೋತದ್ದನ್ನು ಅವರ ದವಡೆ ಹುಡುಕಿಕೊಟ್ಟಿತ್ತು! ಆನೆಯ ಸೊಂಡಿಲು ಕತ್ತರಿಸಿ ಉಳಿದ ಬೀಟೆಯ ಚೂರೊಂದರಿಂದ ಎಳೆಯೊಂದನ್ನು ಸೀಳಿ, ಹೆರೆದು, ಸ್ಯಾಡಲಿನ ಕೆಳಗಿಟ್ಟರು. ತೆಗೆದರು, ಹೆರೆದರು, ಇಟ್ಟರು. ಪ್ರತಿ ಸಲವೂ ಗಲ್ಲವೊತ್ತಿದರು. ನಾಲ್ಕನೆಯ ಸಲ ಅವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಮೊದಲು ಕಂಡೆ. ಗುಂಯ್‌ಗುಡುವಿಕೆ ನಿಂತದ್ದು ಆಮೇಲೆ ಗಮನಕ್ಕೆ ಬಂತು.

“ಮುಗುಸ್ಕೊಂಡು ಬಾ. ನಂಗೂ ಒಂದು ಆಡು ಕೇಳ್ಸೀವಂತೆ” ಎಂದರು.

ಕಾರ್ಯಕ್ರಮ ನಡೆಯಿತು. ಅಪ್ಪ, ಅಮ್ಮ ಕೊನೆಯ ಸಾಲಿನಲ್ಲಿ ಕುಳಿತಿದ್ದರು. ನಾನು ಎರಡು ಕಡೆ ತಪ್ಪಿದೆ. ಪೂರ್ತಿ ಸರಿಯಾಗಿ ಕಲಿತ ಮೇಲೆಯೇ ಮೇಸ್ತ್ರಿಗಳಲ್ಲಿಗೆ ಹೋಗುವುದು ಉಚಿತವೆಂದುಕೊಂಡೆ. ಪರೀಕ್ಷೆ ಬಂತು, ಮುಂದಿನ ಓದು ಬಂತು... ಒಂದು ದಿನ ಅಪ್ಪ ಕೆಲಸದಿಂದ ಬಂದು, ಕೈತೊಳೆಯುತ್ತಾ, ಮೇಸ್ತ್ರಿ ತೀರಿಕೊಂಡರೆಂದು ಹೇಳಿದರು.

ನಾನಿನ್ನೂ ಯೋಚಿಸುತ್ತಿದ್ದಂತೆ ಅಂಗಡಿಯ ರಿಪೇರಿಯವರು ಸ್ಯಾಡಲನ್ನು ಎತ್ತಿದರು. ಅದರಡಿಯಲ್ಲಿ ಬೀಟೆಯ ಎಳೆ ಕಪ್ಪಗೆ ಹೊಳೆಯಿತು. ಅವರು ಅಳತೆಯ ಸಾಧನವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಹಿಡಿಯುತ್ತಾ ಹೋದರು. ಮತ್ತೊಮ್ಮೆ ಹಿಡಿದರು.

“ಇದ್ಯಾರ್ರೀ ಮಾಡಿದ್ದು? ಆ ಕಡೆ ದಪ್ಪ, ಈ ಕಡೆ ಕೂದ್ಲೆಳೆ. ತಂತಿತಂತಿಗೂ ಲೆಕ್ಕ ಆಕ್ದಂಗದೆ!”

“ಅವರ ಬಳಿ ಅಳತೆಯ ಸಾಧನವಿರಲಿಲ್ಲ. ಕಿವಿಯೂ ಕೇಳುತ್ತಿರಲಿಲ್ಲ” ಎಂದೆ.

ಅವರು ಇನ್ನೊಂದು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟರು.

“ಮೂಳೆಯನ್ನು ಬದಲಾಯಿಸಿ. ಆ ಎಳೆ ಅಲ್ಲಿಯೇ ಇರಲಿ” ಎಂದೆ.

“ಅದುನ್ನ ನಾನ್ ಮುಟ್ಟಲ್ಲ ಬುಡಿ ಮೇಡಂ.”

ಹೊಸ ಮೂಳೆ ಹಳೆಯ ಎಳೆಯ ಮೇಲೆ ಕುಳಿತಿತು. ನುಡಿಸಿ ನೋಡಿ ಎಂದರು. ಅಂದು ಮೇಸ್ತ್ರಿಗೆ ನುಡಿಸಿ ಕೇಳಿಸದೆ ಉಳಿದ ಹಾಡನ್ನೇ ಎತ್ತಿಕೊಂಡು, ಬಾಗಿ, ಗಲ್ಲವನ್ನು ಮರದ ಅಂಚಿಗೆ ಒತ್ತಿದೆ. ಸ್ವರ ಕಿವಿಗಿಂತ ಮೊದಲು ಹಲ್ಲಿಗೆ ಬಂತು. ಇಷ್ಟನ್ನೇ ಅಲ್ಲವೇ ಅವರು ಕೇಳಿದ್ದು...

ಎರಡನೆಯ ಸಾಲಿನಲ್ಲಿ ತಪ್ಪಿತು. ನಾನು ನಿಲ್ಲಿಸಲಿಲ್ಲ.