ನಾನು ಬರೆದ ದೋಷಗಳ ಪಟ್ಟಿ

ಆಕೆ ಬರೆದ ಪ್ರೋಗ್ರಾಮನ್ನು ನಾನು ಆರು ವರ್ಷ ಬೈಯುತ್ತಲೇ ನೋಡಿಕೊಂಡೆ. ಒಂದೇ ಇಂಟರ್ನೆಟ್ ಸಂಪರ್ಕವನ್ನು ಇಡೀ ಕಚೇರಿಯ ಕಂಪ್ಯೂಟರುಗಳಿಗೆ ಹಂಚುವ ಸಾಫ್ಟ್‌ವೇರ್ ಅದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗಿನ ಕೋಡ್ ಓದಬಹುದು, ತಿದ್ದಿ ಕಳಿಸಬಹುದು. ಆಕೆ ಧಾರವಾಡದಿಂದ ಔರಂಗಾಬಾದಿಗೆ ವರ್ಗವಾಗಿ ಬಂದಿದ್ದ ಬ್ಯಾಂಕ್ ಉದ್ಯೋಗಿ, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಓಝರ್‌ನ ವಿಮಾನ ಕಾರ್ಖಾನೆಯ ಕಾಲನಿಯಲ್ಲಿ ಬೆಳೆದು, ನಾಸಿಕ್‌ನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದವನು. ಇಬ್ಬರೂ ಕನ್ನಡದವರೆಂದು ತಿಳಿದ ಮೇಲೆ ನಮ್ಮ ಜಗಳ ಕನ್ನಡದಲ್ಲಿ ನಡೆಯತೊಡಗಿತು, ಅಷ್ಟೇ ಲಾಭ.

ಹಳೆಯದನ್ನು ಬದಿಗಿಟ್ಟು ಮೊದಲಿನಿಂದ ಬರೆಯಬೇಕು ಎಂಬುದು ನನ್ನ ಹಟ. ಔರಂಗಾಬಾದ್ ಪಕ್ಕದ ಶೇಂದ್ರಾದ ಕಾರ್ಖಾನೆ ಮಾಲೀಕನೊಬ್ಬ ತನ್ನ ಶೆಡ್ಡುಗಳಲ್ಲೆಲ್ಲ ಅದನ್ನೇ ಬಳಸುತ್ತಿದ್ದ. ಹೊಸದು ಬರೆಯಲು ಒಂದು ವರ್ಷ ಇಬ್ಬರು ಕೆಲಸಗಾರರ ಪಗಾರ ಕೊಡುತ್ತೇನೆ, ಹಳೆಯದು ಯಾಕೆ ಸಾಲದೆಂದು ಬರೆದು ತೋರಿಸಿ ಎಂದ. ನಾನು ಆ ವಾರವೇ ಕ್ಲಾಸಿಗೆ ಎರಡು ತಿಂಗಳ ನೋಟಿಸ್ ಕೊಟ್ಟೆ. ಅಲ್ಲಿ ಇನ್ನೊಂದು ವರ್ಷ ಕಳೆದಿದ್ದರೆ ಯಾರನ್ನಾದರೂ ಹೊಡೆದೇಬಿಡುತ್ತಿದ್ದೆ.

ಪಟ್ಟಿಯನ್ನು ಬಹಳ ಖುಷಿಯಿಂದ ಬರೆದೆ. ಮೊಸರಲ್ಲಿ ಕಲ್ಲು ಹುಡುಕುವವನಿಗೆ ಕಲ್ಲೇ ಪಗಾರವಾದರೆ ಕೇಳಬೇಕೇ? ನಲವತ್ತೊಂದು ದೋಷ. ಕೆಲವಕ್ಕೆ, ‘ಬರೆದವರಿಗೆ ವಿಷಯವೇ ತಿಳಿದಿರಲಿಲ್ಲ’ ಎಂಬ ಷರಾ ಬೇರೆ. ಏನಿದ್ದರೂ ಎಲ್ಲರ ಎದುರು ಇಡುವುದು ಇಂಥ ಪುಕ್ಕಟೆ ಸಾಫ್ಟ್‌ವೇರ್ ಬರೆಯುವ ನಮ್ಮವರ ರೂಢಿ. ಆದ್ದರಿಂದ ಅದನ್ನು ಬಳಕೆದಾರರಿಗೆಲ್ಲ ಇಮೇಲ್ ಮಾಡಿದೆ. ಆಕೆಯ ಫೋನ್ ಬಂತು.

“ಮೊದಲ ನನಗೊಂದ್ ಮಾತು ಹೇಳಬಹುದಿತ್ತಲ್ಲರಿ?”

“ಹೇಳಿದ್ರ ಕೇಳ್ತಿದ್ರೇನ್ರಿ ಅಕ್ಕಾರ? ಆರು ವರ್ಷದಿಂದ ಹೇಳಾಕತ್ತೀನಿ.”

ಆಕೆ ಫೋನ್ ಇಟ್ಟಳು. ಮೂರನೆಯ ದಿನ ಒಂದು ತಿದ್ದುಪಡಿ ಕಳಿಸಿದಳು: ನನ್ನ ಪಟ್ಟಿಯ ಮೊದಲ ದೋಷ ಮಾಯ. ಕೆಳಗೆ ‘ದೋಷ ತೋರಿಸಿದವರು’ ಎಂದು ನನ್ನ ಹೆಸರು. ಮರುದಿನ ಎರಡನೆಯದು. ನಾನು ನಕ್ಕೆ. ಹನ್ನೆರಡಕ್ಕೆ ಬಂದಾಗ ನಗು ನಿಂತಿತು.

ತಿದ್ದುಪಡಿಗಳನ್ನು ಪರೀಕ್ಷಿಸಿ ಸೇರಿಸುವ ಕೆಲಸ ನನ್ನದೇ ಆಗಿತ್ತು. ಸೇರಿಸಿದಷ್ಟೂ ನನಗೆ ಸಿಗಬೇಕಾದ ಹೊಸ ಕೆಲಸಕ್ಕೇ ಕಲ್ಲು. ಎರಡನ್ನು ಕುಂಟುನೆಪ ಹೇಳಿ ಹಿಂದಕ್ಕೆ ಕಳಿಸಿದೆ; ಇನ್ನೂ ಚೆನ್ನಾಗಿ ಬರೆದು ಕಳಿಸಿದಳು. ಹತ್ತು ದಿನ ಸುಮ್ಮನೆ ಕೂತೆ. ಯಾಕೆ ಸೇರಿಸಿಲ್ಲ ಎಂದು ಬಳಕೆದಾರರು ಕೇಳತೊಡಗಿದರು. ಹಲ್ಲು ಕಚ್ಚಿ ಎಲ್ಲವನ್ನೂ ಸೇರಿಸಿದೆ. ಬ್ಯಾಂಕಿನ ಕೆಲಸ ಮುಗಿಸಿ ಬಂದು ಇಷ್ಟು ಮಾಡುತ್ತಾಳಲ್ಲ ಎಂದು ಹೊಟ್ಟೆ ಉರಿಯಿತು.

ಎರಡು ತಿಂಗಳಿಗೆ ಮಾಲೀಕ ಇಬ್ಬರನ್ನೂ ಶೇಂದ್ರಾಕ್ಕೆ ಕರೆಸಿದ. ನನ್ನ ಪಟ್ಟಿಯ ಪ್ರಿಂಟ್ ಅವನ ಮುಂದಿತ್ತು, ನಲವತ್ತೊಂದರ ಮೇಲೂ ಗೀಟು.

“ಆತಾ ಕಾಯ್ ಉರಲಂ?” ಎಂದು ಮರಾಠಿಯಲ್ಲಿ ಕೇಳಿದ: ಈಗ ಇನ್ನೇನು ಉಳಿಯಿತು?

ಅಡಿಪಾಯವೇ ಹಳೆಯದು, ಇನ್ನೈದು ವರ್ಷಕ್ಕೆ ತಾಳುವುದಿಲ್ಲ ಎಂದೆ. ಅದು ನಿಜವಾಗಿತ್ತು, ಆದರೆ ನನ್ನ ಪಟ್ಟಿಯಲ್ಲಿ ಅದೇ ಇರಲಿಲ್ಲ. ಬೈಯುವ ಸಡಗರದಲ್ಲಿ ಬರೆಯಬೇಕಾದ್ದನ್ನೇ ಬಿಟ್ಟಿದ್ದೆ. ಮಾಲೀಕ ಚಹಾ ಕುಡಿಸಿ, ಈಗ ಚೆನ್ನಾಗಿ ನಡೆಯುತ್ತಿದೆಯಲ್ಲ, ಖರ್ಚು ಯಾಕೆ ಎಂದು ಎದ್ದ.

ಗೇಟಿನ ಹೊರಗೆ ನನಗೆ ತಡೆಯಲಾಗಲಿಲ್ಲ.

“ನೌಕರಿ ಬಿಟ್ಟೀನ್ರಿ ನಾನು. ಈಗ ಸಮಾಧಾನ ಆತೇನು?”

ಆಕೆ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

“ಅಡಿಪಾಯ ತಾಳಂಗಿಲ್ಲ ಅನ್ನೋದು ನನಗ ಗೊತ್ತಿಲ್ಲೇನ್ರಿ? ಹಾಕಿದಾಕಿ ನಾನ. ಹೊಸಾದು ಬರಿಯೂಣು ಅಂತ ಬಂದಿದ್ರ, ಈ ಸಾಹೇಬರ ಮುಂದ ನಿಮ್ಮಕಿಂತ ಮೊದಲ ನಾನ ಕೇಳ್ತಿದ್ದೆ. ಮಂದಿ ಮುಂದ ನನ್ನ ಮಾನ ಕಳದು ರೊಕ್ಕ ಕೇಳಿದ್ರಿ ನೀವು.”

ನಾಸಿಕ್ ಬಸ್ಸು ಹತ್ತಿ ಮನಸ್ಸಿನಲ್ಲೇ ಆಕೆಯನ್ನು ಬೈಯತೊಡಗಿದೆ. ಯೇವಲಾ ಬರುವ ಹೊತ್ತಿಗೆ ಬೈಗುಳಗಳು ಮುಗಿದಿದ್ದವು. ನಾಸಿಕ್ ಇನ್ನೂ ಎರಡು ತಾಸು ದೂರವಿತ್ತು.