ನಾಲ್ಕು ತಾಸಿನ ಅಂಟು

ಧಾರವಾಡದ ಮೃಣಾಲಿನಿಗೆ ಹೂಸ್ಟನ್ನಿನಲ್ಲಿ ನಾವು ಗೆಳತಿಯರು ಇಟ್ಟ ಹೆಸರು ನಿಧಾನಮ್ಮ. ಊಟಕ್ಕೆ ಕರೆದರೆ ಕೊನೆಗೆ ಬರುವವಳು, ಕೊನೆಗೇ ಏಳುವವಳು. ಗೋಡೆಯ ಬಣ್ಣಕ್ಕೆ ಬೆರೆಸುವ ಅಂಟು ತಯಾರಿಸುವ ಕಾರ್ಖಾನೆಯವರು ಅವಳಿಗೆ ಸಂಬಳ ಕೊಡುತ್ತಿದ್ದುದೇ ಆ ನಿಧಾನಕ್ಕೆ.

ಎರಡು ದ್ರವಗಳ ಅಣುಗಳು ಕೊಂಡಿಕೊಂಡಿಯಾಗಿ ಸೇರಿದ ಉದ್ದನೆಯ ಸರಪಳಿಗಳೇ ಆ ಅಂಟು. ಅಕ್ರಿಲೇಟ್ ಬಲು ಚುರುಕು, ವಿನೈಲ್ ಅಸಿಟೇಟ್ ಸೋಮಾರಿ. ಒಮ್ಮೆಲೇ ಸುರಿದರೆ ಚುರುಕಿನದು ಮೊದಲ ಸರಪಳಿಗಳಲ್ಲೇ ಖರ್ಚಾಗಿ, ಆಮೇಲಿನವುಗಳಲ್ಲಿ ಬಹುಪಾಲು ಸೋಮಾರಿಯೇ ಉಳಿಯುತ್ತದೆ. ಸೋಮಾರಿಯದು ಬಗ್ಗದ ಜಾತಿ, ಅಂಥ ಅಂಟಿನ ಬಣ್ಣ ಚಳಿಗೆ ಬಿರಿಯುತ್ತದೆ. ಅದಕ್ಕೇ ಎರಡನ್ನೂ ಬೆರೆಸಿ ನಾಲ್ಕು ತಾಸು ಸಣ್ಣಗೆ ಬಿಡಬೇಕು. ಬಿದ್ದಷ್ಟೂ ಬಿದ್ದಕೂಡಲೇ ಸೇರಿಕೊಂಡರೆ ಎಲ್ಲ ಸರಪಳಿಗಳೂ ಒಂದೇ ಥರ ಇರುತ್ತವೆ.

೨೦೧೪ರ ಅಕ್ಟೋಬರಿನ ಒಂದು ಶುಕ್ರವಾರ ಮಗಳು ಇಶಾಳ ನೃತ್ಯವಿತ್ತು. ನಿಧಾನಮ್ಮ ವಾಲ್ವ್ ಪೂರ್ತಿ ತೆರೆದು, ಒಂದೇ ತಾಸಿನಲ್ಲಿ ಕೆಲಸ ಮುಗಿಸಿ, ಬಂದು ಮುಂದಿನ ಸಾಲಿನಲ್ಲಿ ಕೂತಳು.

ಸೋಮವಾರ ಎಲ್ಲ ಟೆಸ್ಟುಗಳೂ ಪಾಸಾದವು. ಹಾಕಿದ ಅಳತೆ ಸರಿಯಿತ್ತಲ್ಲ. ಯಾವ ಸರಪಳಿಗೆ ಯಾವುದು ಎಷ್ಟು ಸೇರಿತೆಂದು ಅಲ್ಲಿ ಯಾರೂ ನೋಡುವುದಿಲ್ಲ. ಅವಳು ಮಾತ್ರ ತಗಡಿನ ಚೂರಿಗೆ ಆ ಅಂಟು ಸವರಿ, ಒಣಗಿಸಿ, ಮನೆಯ ಫ್ರೀಜರಿನಲ್ಲಿ ತೆಂಗಿನ ತುರಿಯ ಪಕ್ಕ ಇಟ್ಟಳು. ಬೆಳಿಗ್ಗೆ ತೆಗೆದು ಬಗ್ಗಿಸಿದರೆ ಹಪ್ಪಳದಂತೆ ಬಿರಿಯಿತು.

ಗಂಡ ಸಂಗನಬಸಪ್ಪ ಹೆದರಿದ. "ಟೆಸ್ಟ್ ಪಾಸ್ ಆಗ್ಯಾವಲ್ಲ, ಸುಮ್ನಿರು. ಗ್ರೀನ್ ಕಾರ್ಡ್ ಕಂಪನಿಯವರ ಕೈಯಾಗದ. ನಿನ್ನ ಕೆಲಸ ಹೋದ್ರ ಎಲ್ಲಾರೂ ಗಂಟು ಕಟ್ಟಬೇಕಾಗ್ತದ."

"ಫ್ರಿಸ್ಕೋ ಊರಾಗ ಹೊಸ ಮನಿಗೋಳಿಗೆ ಹೋಗೂ ಬಣ್ಣರಿ ಅದು. ಚಳಿ ಬಿದ್ದ ದಿನ ಗ್ವಾಡಿ ಬಣ್ಣ ಬಿರೀತದ," ಎಂದಳು ಮೃಣಾಲಿನಿ.

ತಗಡನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದಳು. ಅವನು ಆ ಟ್ಯಾಂಕನ್ನು ತಡೆಹಿಡಿದ. ಕೆಲಸದಿಂದ ತೆಗೆಯಲಿಲ್ಲ, ಆದರೆ ಬರಬೇಕಿದ್ದ ಬಡ್ತಿ ತಪ್ಪಿತು. ಯಾರೂ ಒಪ್ಪದ ಶನಿವಾರದ ಪಾಳಿ ಅವಳ ಪಾಲಾಯಿತು. ನನಗಂತೂ ಸಿಟ್ಟು ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಬೈದೆ. ಅವಳು ನಕ್ಕಳು.

ಮರುವರ್ಷ ಇಶಾಳ ನೃತ್ಯ ಶನಿವಾರವೇ ಬಿತ್ತು. ಅಮ್ಮ ಬರುತ್ತಾಳೋ ಇಲ್ಲವೋ ಎಂದು ಹುಡುಗಿ ಇಂಗ್ಲಿಷಿನಲ್ಲಿ ನನ್ನನ್ನು ಎಷ್ಟು ಸಲ ಕೇಳಿದಳೋ. ನಾಲ್ಕು ತಾಸು ಮುಗಿಸಿ ಮೃಣಾಲಿನಿ ತಲುಪಿದಾಗ ಕಾರ್ಯಕ್ರಮ ಮುಗಿದು ಕುರ್ಚಿಗಳನ್ನು ಮಡಚಿಡುತ್ತಿದ್ದರು. ಮನೆಗೆ ಹೋಗೋಣವೆಂದು ಅಪ್ಪ ಎಷ್ಟು ಕರೆದರೂ ಇಶಾ ಏಳದೆ, ಗೆಜ್ಜೆ ಬಿಚ್ಚದೆ, ವೇದಿಕೆಯ ಅಂಚಿನಲ್ಲಿ ಕೂತಿದ್ದಳು. ಅಮ್ಮನನ್ನು ಕಂಡು ಎದ್ದು ನಿಂತಳು.

ಮೃಣಾಲಿನಿ ಮಡಚಿಟ್ಟಿದ್ದ ಕುರ್ಚಿಯೊಂದನ್ನು ತಂದು, ಬಿಡಿಸಿ, ಮುಂದಿನ ಸಾಲಿದ್ದ ಜಾಗದಲ್ಲಿ ಹಾಕಿಕೊಂಡು ಕೂತಳು.