ಡ್ಯಾಫೊಡಿಲ್ ಎಲೆ ಕತ್ತರಿಸಿದ್ದು

ಅಮೆರಿಕದ ಅಲ್ಫರೆಟಾದಲ್ಲಿರುವ ಮಗಳ ಮನೆ ಮುಂದೆ ನಮ್ಮ ಯಜಮಾನರು ಡ್ಯಾಫೊಡಿಲ್ ಗೆಡ್ಡೆ ನೆಟ್ಟಿದ್ದು ಎರಡು ಸಾವಿರದ ಇಪ್ಪತ್ತೊಂದರ ನವೆಂಬರಿನಲ್ಲಿ. ಈರುಳ್ಳಿಯಂಥ ಗೆಡ್ಡೆ. ಮಣ್ಣು ನಮ್ಮ ಕಡೆಯ ಹಾಗೇ ಕೆಂಪು, ಅಗೆದರೆ ಸಲಿಕೆಗೆ ಅಂಟಿಕೊಂಡು ಬಿಡುವುದಿಲ್ಲ. ಅವರು ಮಂಡಿಯೂರಿ ನೆಡುತ್ತಿದ್ದರು, ನಾನು ಮೆಟ್ಟಿಲ ಮೇಲೆ ಕೂತು ಬೈಯುತ್ತಿದ್ದೆ.

"ತಿನ್ನೋಕೂ ಬರಲ್ಲ, ಮುಡಿಯೋಕೂ ಬರಲ್ಲ. ಯಾಕ್ರೀ ಇದು?"

"ನೋಡೋಕೆ ಕಣೇ. ಹೂ ಬಾಡಿದ ಮೇಲೆ ಎಲೆ ಮುಟ್ಟಬೇಡ. ತಾನಾಗೇ ಹಣ್ಣಾಗ್ಲಿ. ನೆನಪಿರ್ಲಿ."

ಎಲ್ಲದಕ್ಕೂ ಹೀಗೆ ಪಾಠ ಹೇಳುವ ಚಾಳಿ ಅವರದು. ಐವತ್ತು ವರ್ಷ ಕೇಳಿ ಸವೆದ ಕಿವಿ ನನ್ನದು.

ಜನವರಿಯಲ್ಲಿ ಅವರು ಹೋದರು. ಎದೆನೋವು, ಎರಡು ದಿನ ಆಸ್ಪತ್ರೆ, ಅಷ್ಟೇ. ಫೆಬ್ರುವರಿ ಕೊನೆಗೆ ಹಳದಿ ಹೂ ಎದ್ದವು. ಮಗಳು ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಲ್ಲಿ ನಿಲ್ಲುತ್ತಿದ್ದಳು. ಅತ್ತಿದ್ದೆಲ್ಲ ಅಲ್ಲೇ. ನನ್ನ ಹತ್ತಿರ ಬಂದು ಅಳಲಿಲ್ಲ.

ಹೂ ಬಾಡಿದವು. ಎಲೆ ಜೋತುಬಿದ್ದು ಅಸಹ್ಯವಾಗಿತ್ತು. ನಾನು ಊರಲ್ಲಿ ಮಲ್ಲಿಗೆ ಬೆಳೆಸಿದವಳು. ಹೂ ಮುಗಿದ ಮಲ್ಲಿಗೆಯನ್ನು ಮೋಟಾಗಿ ಕತ್ತರಿಸಬೇಕು, ಆಗಲೇ ಮುಂದಿನ ಸಲ ಮೊಗ್ಗು ತುಂಬುವುದು. ಮಗಳಿಗೆ ಇನ್ನೂ ಹೆಚ್ಚು ಹೂ ಬರಲಿ ಅಂತಲೇ ಅಡುಗೆಮನೆಯ ಕತ್ತರಿ ತಂದು ಎಲ್ಲವನ್ನೂ ಬುಡಮಟ್ಟ ಕತ್ತರಿಸಿದೆ.

ಆಫೀಸಿನಿಂದ ಬಂದವಳು ಕಾರಿನ ಬಾಗಿಲು ಕೂಡ ಮುಚ್ಚಲಿಲ್ಲ.

"ಅಮ್ಮಾ! ಎಲೆಯಿಂದಾನೇ ಗೆಡ್ಡೆಗೆ ಫುಡ್ ಹೋಗೋದು. ಅಪ್ಪ ಎಷ್ಟು ಸಲ ಹೇಳಿದ್ರು!"

"ಅವರು ಹೇಳದೇ ಬಿಟ್ಟಿದ್ದು ಯಾವುದಿತ್ತು?"

"ಒಂದಾದ್ರೂ ಕೇಳಿದ್ಯಾ ನೀನು?"

ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ. ಅವಳು ಊಟಕ್ಕೆ ಬರಲಿಲ್ಲ.

ಮರುವರ್ಷ ಹುಲ್ಲಿನಂಥ ತೆಳ್ಳನೆ ಎಲೆ ಬಂತು. ಹೂ ಒಂದೂ ಇಲ್ಲ.

"ಅಂಗಡೀಲಿ ಬೇರೆ ಗೆಡ್ಡೆ ತರೋಣ ಬಿಡು" ಅಂದೆ.

"ಅದು ಅಪ್ಪ ನೆಟ್ಟಿದ್ದಲ್ಲ" ಅಂದಳು.

ಆ ವಾರವೇ ಅಲ್ಲೊಂದು ಪುಟ್ಟ ಹಲಗೆ ಚುಚ್ಚಿದಳು. ಇಂಗ್ಲಿಷ್ ಅಕ್ಷರ. ನಾನು ಕನ್ನಡವನ್ನೇ ಕೂಡಿಸಿಕೊಂಡು ಓದುವವಳು. ಮೊಮ್ಮಗಳನ್ನು ಕೇಳಿದೆ.

"ಕಟ್ ಮಾಡಬೇಡಿ ಅಂತ, ಅಜ್ಜಿ. ಲಾನ್ ಪೀಪಲ್‌ಗೆ."

ಹುಲ್ಲು ಕತ್ತರಿಸುವವರು ಬರುವುದು ಏಪ್ರಿಲ್‌ಗೆ. ಆಗಿನ್ನೂ ಮಾರ್ಚ್ ಶುರು. ಅಡುಗೆಮನೆಯ ಡ್ರಾಯರಿನಲ್ಲಿ ಕತ್ತರಿಯೂ ಇರಲಿಲ್ಲ. ಮಗಳೇ ಎಲ್ಲೋ ಎತ್ತಿಟ್ಟಿರಬೇಕು. ಬೇಳೆ ಪ್ಯಾಕೆಟ್ಟನ್ನು ಈಗ ಹಲ್ಲಿನಿಂದ ಹರಿಯುತ್ತೇನೆ.